ನಾರ್ಸಿಸಸ್‌ನ ಹೂವು ಹಳದಿಯಲ್ಲ

ಡ್ಯಾಫೋಡಿಲ್‌ಗಳ ಸಸ್ಯಶಾಸ್ತ್ರದ ಹೆಸರು ನಾರ್ಸಿಸಸ್. ಹಾಗಾಗಿ ಹಳದಿ ತುತ್ತೂರಿಯಂಥ ಹೂವನ್ನು ತೋರಿಸಿ, ಗ್ರೀಕ್ ಕಥೆಯಲ್ಲಿ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಲೇ ಸತ್ತು ಹೂವಾದ ನಾರ್ಸಿಸಸ್ ಎಂಬ ಹುಡುಗ ಇವನೇ ಅನ್ನುವುದು ರೂಢಿ. ಕಥೆ ಹೇಳಿದ ರೋಮನ್ ಕವಿ ಓವಿಡ್ ಮಾತ್ರ ಹಾಗೆ ಬರೆದಿಲ್ಲ. ಅವನ ‘ಮೆಟಮಾರ್ಫೊಸೀಸ್’ ಕಾವ್ಯದ 3ನೇ ಪುಸ್ತಕದಲ್ಲಿ ಶವ ಹುಡುಕಿ ಬಂದವರಿಗೆ ಸಿಕ್ಕಿದ್ದು ನಡುವೆ ಕೇಸರಿ, ಸುತ್ತ ಬಿಳಿ ಎಸಳಿನ ಹೂವು. ಈ ಚಹರೆಗೆ ಹೊಂದುವುದು ನಾರ್ಸಿಸಸ್ ಪೊಯೆಟಿಕಸ್. ಇಂಗ್ಲೆಂಡಿನಂಥ ಚಳಿಯ ಕಡೆ ಇದನ್ನು ಬೆಳೆಸುವ ಕ್ರಮ ಹಳದಿಯದಕ್ಕಿಂತ ಬೇರೆ. ಹಳದಿಯ ಲೆಕ್ಕದಲ್ಲೇ ನೆಟ್ಟರೆ ಎಲೆ ಬರುತ್ತದೆ, ಹೂವು ಬರುವುದಿಲ್ಲ.

ಗಡ್ಡೆ ಕೊಳ್ಳುವಾಗ ಬರೀ ‘ಡ್ಯಾಫೋಡಿಲ್’ ಎಂದು ಕೇಳಬೇಡಿ, ತಳಿಯ ಹೆಸರು ಹಿಡಿದು ಕೇಳಿ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇವನ್ನೆಲ್ಲ 13 ವಿಭಾಗ ಮಾಡಿದೆ. ಪೊಯೆಟಿಕಸ್ ತಳಿಗಳದು 9ನೆಯದು. ‘ಆಕ್ಟಿಯಾ’ ತಳಿಯ ಚೀಟಿಯಲ್ಲಿ ‘9 ಡಬ್ಲ್ಯೂ-ವೈವೈಆರ್’ ಎಂದಿರುತ್ತದೆ: ಎಸಳು ಬಿಳಿ, ನಡುವಿನ ಬಟ್ಟಲಿನ ಬುಡ ಮತ್ತು ಮಧ್ಯ ಹಳದಿ, ಅಂಚು ಕೆಂಪು. ಇದು ಇಂಗ್ಲೆಂಡಿನಲ್ಲಿ ಏಪ್ರಿಲ್‌ನಲ್ಲಿ ಅರಳುತ್ತದೆ. ಕಾಡುಜಾತಿಗೇ ಸೇರಿದ ‘ರಿಕರ್ವಸ್’ ಬೇಕಿದ್ದರೆ 13ನೇ ವಿಭಾಗದಲ್ಲಿ ಹುಡುಕಬೇಕು; ಎಸಳು ಹಿಂದಕ್ಕೆ ಬಾಗಿರುತ್ತವೆ, ಹೂವು ಮೇ ತಿಂಗಳಿಗೆ. ಕಥೆಯ ಮಟ್ಟಿಗೆ ನನ್ನ ಆಯ್ಕೆ ರಿಕರ್ವಸ್, ಮೊದಲ ಸಲ ನೆಡುವವರಿಗೆ ಹೇಳುವುದು ಆಕ್ಟಿಯಾ.

ಪೊಯೆಟಿಕಸ್ ಗಡ್ಡೆ ಸಣ್ಣದು, ಬೇಗ ಒಣಗುತ್ತದೆ. ಹಳದಿ ತಳಿಗಳನ್ನು ಅಕ್ಟೋಬರ್ ಕೊನೆಯವರೆಗೂ ನೆಡಬಹುದು. ಇದನ್ನು ನಾನು ಸೆಪ್ಟೆಂಬರ್ ಮೊದಲ ವಾರವೇ ಮಣ್ಣಿಗೆ ಸೇರಿಸುತ್ತೇನೆ. ನೆಡುವ ಮುಂಚೆ ಪ್ರತಿ ಗಡ್ಡೆಯ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ, ಕಲ್ಲಿನಂತೆ ಗಟ್ಟಿಯಿರಬೇಕು. ಬೇರು ಹೊರಡುವ ತಟ್ಟೆ ಮೆತ್ತಗಾಗಿ ಒಳಗೆ ಚಾಕೊಲೇಟ್ ಬಣ್ಣ ಕಂಡರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆ. ಗಟ್ಟಿ ಇದ್ದೂ ಹಗುರವೆನಿಸಿದರೆ, ಕತ್ತು ಮೆತ್ತಗಿದ್ದರೆ, ಸೀಳಿ ನೋಡಿ: ಹುಳು ಸಿಕ್ಕರೆ ಸಾಮಾನ್ಯವಾಗಿ ಒಂದೇ, ದಪ್ಪಗೆ, ಮಾಸಲು ಬಿಳಿ. ಅದು ನಾರ್ಸಿಸಸ್ ನೊಣದ ಮರಿ. ಅಡ್ಡ ಕೊಯ್ದಾಗ ಈರುಳ್ಳಿ ಸುರುಳಿಯಂತೆ ಕಂದು ಬಳೆಗಳು ಕಂಡರೆ ಕಣ್ಣಿಗೆ ಕಾಣದ ಜಂತುಹುಳು. ಅಂಥವನ್ನು ಕಾಂಪೋಸ್ಟ್ ಗುಂಡಿಗೂ ಹಾಕಬಾರದು, ಆ ಪಾತಿಯಲ್ಲಿ ಕೆಲವು ವರ್ಷ ಈ ಕುಲದ ಯಾವ ಗಡ್ಡೆಯನ್ನೂ ನೆಡಬಾರದು.

ಆಳದ ಲೆಕ್ಕ ಸರಳ: ಗಡ್ಡೆಯ ಎತ್ತರದ ಎರಡರಷ್ಟು ಮಣ್ಣು ಅದರ ತಲೆಯ ಮೇಲಿರಬೇಕು. 5 ಸೆಂ.ಮೀ. ಗಡ್ಡೆಗೆ 15 ಸೆಂ.ಮೀ. ಗುಂಡಿ. ಗಡ್ಡೆಯಿಂದ ಗಡ್ಡೆಗೆ 10 ಸೆಂ.ಮೀ., ಒಂದು ಗುಂಪಿಗೆ ಹತ್ತು. ನನ್ನ ಹಿತ್ತಲಿನದು ಜೇಡಿಮಣ್ಣು. ಅಂಥಲ್ಲಿ ಗುಂಡಿಯ ತಳಕ್ಕೆ ಜಲ್ಲಿ ಹರಡಿ ಎಂದು ಹೇಳುವವರುಂಟು. ಹಾಗೆ ಮಾಡಿದರೆ ಸುತ್ತಲಿನ ನೀರೆಲ್ಲ ಆ ಜಲ್ಲಿಯಲ್ಲೇ ಬಂದು ನಿಲ್ಲುತ್ತದೆ. ನಾನು ಜಲ್ಲಿ ಬಿಟ್ಟು, ತೆಗೆದ ಮಣ್ಣಿಗೆ ಕಾಲು ಭಾಗ ಎಲೆಗೊಬ್ಬರ ಕಲಸಿ ಮುಚ್ಚುತ್ತೇನೆ. ಹಸಿ ಸಗಣಿಗೊಬ್ಬರ ಬೇಡವೇ ಬೇಡ. ಪೊಯೆಟಿಕಸ್ ತವರಿನಲ್ಲಿ ದಕ್ಷಿಣ ಯುರೋಪಿನ ಬೆಟ್ಟಗಳ ತೇವದ ಹುಲ್ಲುಗಾವಲಿನ ಗಿಡ. ಬೇಸಿಗೆಯಲ್ಲೂ ಬುಡ ಪೂರ್ತಿ ಒಣಗುವುದು ಅದಕ್ಕೆ ಹಿಡಿಸದು. ಹಳದಿ ತಳಿಗಳು ಸುಖವಾಗಿರುವ ಗೋಡೆ ಬದಿಯ ಒಣ ಪಾತಿ ಇದಕ್ಕೆ ಶತ್ರು.

ಹೂವು ಬಿಡದ ಗಿಡಕ್ಕೆ ಇಂಗ್ಲೆಂಡಿನಲ್ಲಿ ‘ಬ್ಲೈಂಡ್’ (ಕುರುಡು) ಅನ್ನುತ್ತಾರೆ. ಕಾರಣ ಹೆಚ್ಚಾಗಿ ಕತ್ತರಿಯದು. ಮುಂದಿನ ವರ್ಷದ ಹೂವು ಗಡ್ಡೆಯೊಳಗೆ ರೂಪುಗೊಳ್ಳುವುದು ಈ ವರ್ಷದ ಹೂವು ಬಾಡಿದ ಮೇಲೆ, ಎಲೆ ಇನ್ನೂ ಹಸಿರಾಗಿರುವಾಗ. ಆಗ ಎಲೆ ಕತ್ತರಿಸುವುದೂ ಒಂದೇ, ಅಂದವಾಗಿರಲಿ ಎಂದು ಜಡೆಯಂತೆ ಗಂಟು ಹಾಕುವುದೂ ಒಂದೇ. ಬಾಡಿದ ಹೂವಿನ ತಲೆ ಮಾತ್ರ ಚಿವುಟಿ, ಬೀಜ ಕಟ್ಟಲು ಬಿಡದೆ, ಎಲೆಯನ್ನು ಕನಿಷ್ಠ 6 ವಾರ ಮುಟ್ಟಬಾರದು. ಮೇ ತಿಂಗಳಲ್ಲಿ ಅರಳುವ ರಿಕರ್ವಸ್‌ಗೆ ಈ ಲೆಕ್ಕ ಜುಲೈವರೆಗೆ ಹೋಗುತ್ತದೆ. ಹುಲ್ಲುಹಾಸಿನ ನಡುವೆ ನೆಟ್ಟವರು ಅಲ್ಲಿಯವರೆಗೆ ಆ ತುಂಡಿನ ಮೇಲೆ ಯಂತ್ರ ಓಡಿಸುವಂತಿಲ್ಲ. ಇದಕ್ಕೆ ಒಪ್ಪದಿದ್ದರೆ ಪಾತಿಯ ಅಂಚಿಗೆ ನೆಡಿ. ಈ 6 ವಾರದಲ್ಲಿ ಪೊಟ್ಯಾಶ್ ಹೆಚ್ಚಿರುವ ಟೊಮೆಟೊ ಗೊಬ್ಬರವನ್ನು ನೀರಿಗೆ ಬೆರೆಸಿ ವಾರಕ್ಕೊಮ್ಮೆ ಕೊಡುತ್ತೇನೆ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಗಡ್ಡೆ ಕೊಳೆಯುತ್ತದೆ. ಎಲೆ ಬಿದ್ದು ಉಳಿದ ತೂತುಗಳನ್ನು ಮಣ್ಣೆಳೆದು ಮುಚ್ಚಬೇಕು. ನೊಣ ಗಡ್ಡೆಯ ಬಳಿ ಇಳಿಯುವುದು ಆ ದಾರಿಯಲ್ಲೇ. ಗುಂಪು ತೀರಾ ಒತ್ತಾಗಿ ಹೂವು ಕಡಿಮೆಯಾದರೆ ಎಲೆ ಹಳದಿಯಾಗುವಾಗ ಅಗೆದು ಬಿಡಿಸಿ, ಪೊಯೆಟಿಕಸ್ ಆದರೆ ಒಣಗಿಸದೆ ಅದೇ ದಿನ ಮತ್ತೆ ನೆಡಬೇಕು.

ಮೊಗ್ಗನ್ನು ಹತ್ತಿರದಿಂದ ನೋಡಿದರೆ ಕಥೆ ಎಲ್ಲಿಂದ ಹುಟ್ಟಿರಬಹುದೆಂದು ತೋಚುತ್ತದೆ. ಮೊದಲು ಅದು ಪೆನ್ಸಿಲ್‌ನಂತೆ ನೆಟ್ಟಗೆ ಆಕಾಶ ನೋಡುತ್ತದೆ. ಹೊರಗಿನ ತೆಳು ಪೊರೆ ಕಾಗದದಂತೆ ಒಣಗಿ ಸೀಳುವ ಹೊತ್ತಿಗೆ ಹೂವಿನ ಹಿಂದಿನ ಸಣ್ಣ ತೊಟ್ಟು ಬಾತುಕೋಳಿಯ ಕತ್ತಿನಂತೆ ಬಾಗುತ್ತದೆ. ಅರಳುವಾಗ ಹೂವು ಪಕ್ಕಕ್ಕೆ, ಒಂದಿಷ್ಟು ಕೆಳಕ್ಕೆ ಮುಖ ಮಾಡಿರುತ್ತದೆ. ತೇವದ ಜಾಗದಲ್ಲಿ ಬೆಳೆದದ್ದಾದರೆ ಎದುರಿಗೆ ನೀರೇ ಇರಬೇಕು. ಆ ಹುಡುಗನ ತಂದೆ ಕೆಫಿಸಸ್ ಒಬ್ಬ ನದಿದೇವತೆ. ‘ತನ್ನನ್ನು ತಾನು ಅರಿಯದಿದ್ದರೆ ಬಹುಕಾಲ ಬದುಕಿಯಾನು’ ಎಂದು ಕುರುಡ ಟೈರೀಸಿಯಸ್ ಭವಿಷ್ಯ ನುಡಿದಿದ್ದ. ತನ್ನ ತಾನರಿ ಎಂದು ಕೇಳುತ್ತ ಬೆಳೆದ ನಮಗೆ ಇದು ತಲೆಕೆಳಗಾದ ಉಪದೇಶ.

ಹೆಸರು ಹುಡುಗನಿಂದ ಬಂದದ್ದಲ್ಲ, ಮರಗಟ್ಟಿಸುವುದು ಎಂಬರ್ಥದ ಗ್ರೀಕ್ ಪದ ‘ನಾರ್ಕೆ’ಯಿಂದ ಬಂದದ್ದು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಭಾಷೆಯ ವಾದ ಏನೇ ಇರಲಿ, ಗಿಡ ಅವನ ಪರವಾಗಿದೆ. ಗಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿ, ಬೇಯಿಸಿದರೂ ಹೋಗದು. ಹಸಿ ಗಡ್ಡೆ ಥೇಟ್ ಈರುಳ್ಳಿ, ಎಳೆ ಮೊಗ್ಗಿನ ಕಟ್ಟು ಈರುಳ್ಳಿ ಹೂವಿನಂತೆಯೇ. 2015ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ, ತರಕಾರಿಯ ಪಕ್ಕ ಡ್ಯಾಫೋಡಿಲ್ ಇಡಬೇಡಿ ಎಂದು ಸೂಪರ್ ಮಾರ್ಕೆಟ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಗಡ್ಡೆಯ ಚೀಲ ಅಡುಗೆಮನೆಗೆ ಬರಲೇಬಾರದು. ರಸದಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಕೈ ಕೆರೆಯುವಂತೆ ಮಾಡುತ್ತವೆ, ಸುವರ್ಣಗೆಡ್ಡೆ ಹೆಚ್ಚಿದವರಿಗೆ ಇದು ಹೊಸದಲ್ಲ. ಕೈಗವಸು ಹಾಕಿಕೊಳ್ಳಿ. ಇದೇ ಗಿಡದಿಂದ ಅಲ್ಝೈಮರ್ ಕಾಯಿಲೆಗೆ ಕೊಡುವ ಗ್ಯಾಲಂಟಮೀನ್ ಕೂಡ ತೆಗೆಯುತ್ತಾರೆ.

ಬೆಂಗಳೂರಿನಲ್ಲಿ ಪೊಯೆಟಿಕಸ್ ಆಸೆ ಬಿಡಿ, ಹಳದಿ ತುತ್ತೂರಿಗೂ 9 ಡಿಗ್ರಿಗಿಂತ ಕೆಳಗಿನ 12ರಿಂದ 16 ವಾರದ ಚಳಿ ಬೇಕು. ಅಲ್ಲಿಗೆ ಸಲ್ಲುವುದು ಇನ್ನೊಂದು ಗ್ರೀಕ್ ಕಥೆಯ ಹೂವು. ಧಾನ್ಯದೇವತೆ ಡಿಮೀಟರ್‌ಳ ಮಗಳು ಪರ್ಸೆಫೊನಿ ಕೀಳಲು ಕೈಚಾಚಿದಾಗ ಭೂಮಿ ಬಾಯಿ ಬಿಟ್ಟ ನಾರ್ಸಿಸಸ್‌ಗೆ ಒಂದೇ ಬುಡದಲ್ಲಿ ನೂರು ಹೂವು, ಘಮ ಬೇರೆ. ಗೊಂಚಲಿನ ಟಜೆಟಾ ಗುಂಪು ಅದಕ್ಕೆ ಹೊಂದುತ್ತದೆ. ಅದೇ ಗುಂಪಿನ ‘ಪೇಪರ್‌ವೈಟ್’ಗೆ ಚಳಿ ಬೇಡ. ಆಳವಾದ ಗಾಜಿನ ಬಟ್ಟಲಿಗೆ 5 ಸೆಂ.ಮೀ. ಬೆಣಚುಕಲ್ಲು ಹಾಕಿ, ಗಡ್ಡೆಗಳನ್ನು ಒತ್ತೊತ್ತಾಗಿ ಕೂರಿಸಿ, ಗಡ್ಡೆಯ ಅರ್ಧದವರೆಗೆ ಕಲ್ಲು ತುಂಬಿ. ನೀರು ಗಡ್ಡೆಯ ತಳ ಸೋಕಿದರೆ ಸಾಕು, ಮೇಲೇರಿದರೆ ಕೊಳೆತ. 4ರಿಂದ 6 ವಾರಕ್ಕೆ ಹೂವು.

ಸೆಕೆಯಲ್ಲಿ ಕಾಂಡ ಉದ್ದವಾಗಿ ಮಲಗಿಬಿಡುತ್ತದೆ. ಇದಕ್ಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕಂಡುಕೊಂಡ ಉಪಾಯ ನಗು ತರಿಸಿದರೂ ಕೆಲಸ ಮಾಡುತ್ತದೆ: ಮೊಳಕೆ 3ರಿಂದ 5 ಸೆಂ.ಮೀ. ಆದಾಗ ನೀರು ಚೆಲ್ಲಿ, 40% ಮದ್ಯಸಾರದ ವೋಡ್ಕಾ ಅಥವಾ ಜಿನ್ ಒಂದು ಪಾಲಿಗೆ ಏಳು ಪಾಲು ನೀರು ಬೆರೆಸಿ ಹಾಕಿ. ಕಾಂಡ ಮೂರನೇ ಒಂದು ಭಾಗ ಗಿಡ್ಡವಾಗುತ್ತದೆ, ಹೂವಿನ ಗಾತ್ರ ಕುಗ್ಗದು. ಬಿಯರ್, ವೈನ್ ಬೇಡ, ಅವುಗಳ ಸಕ್ಕರೆ ಗಡ್ಡೆಗೆ ಆಗುವುದಿಲ್ಲ. ವಾಸನೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ: ಮಲ್ಲಿಗೆಯಲ್ಲಿರುವ ಇಂಡೋಲ್ ಇದರಲ್ಲೂ ಇದೆ, ಕೆಲವರಿಗೆ ಅದು ಪರಿಮಳ, ಕೆಲವರಿಗೆ ಕೊಟ್ಟಿಗೆ. ಮಲಗುವ ಕೋಣೆಯಲ್ಲಿಡದೆ ಬಾಲ್ಕನಿಯಲ್ಲಿಡಿ.