‘ನುಡಿ’ಯಲ್ಲಿ ಬರೆದದ್ದನ್ನು ಹಾಗೇ ಏರಿಸಬೇಡಿ

ಅಂಗಡಿಯ ಜಾಲತಾಣಕ್ಕೆ ದರಪಟ್ಟಿ ಹಾಕುವ ಮೊದಲು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ (ಎಲ್ಲ ಕಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ ಪದ್ಧತಿಗೆ) ಪರಿವರ್ತಿಸಿಕೊಳ್ಳಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ‘ತೊಗರಿ ಬೇಳೆ’ ಇರಬೇಕಾದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ, ಬಂದ ಗಿರಾಕಿ ಅಲ್ಲಿಂದಲೇ ವಾಪಸ್. ‘ಕಲಬುರಗಿ ತೊಗರಿ ಬೇಳೆ’ ಎಂದು ಗೂಗಲ್‌ನಲ್ಲಿ ಹುಡುಕುವವರಿಗಂತೂ ಆ ಪುಟ ಸಿಗುವುದೇ ಕಷ್ಟ. ಆದರೆ ಈ ಕೆಲಸ ಮಾಡುವ ಪರಿವರ್ತಕ ತಂತ್ರಾಂಶವನ್ನು ಕಣ್ಣು ಮುಚ್ಚಿ ನಂಬಬೇಡಿ: ನಡುವೆ ಇಂಗ್ಲಿಷಿನಲ್ಲಿರುವ ಇಮೇಲ್ ವಿಳಾಸವನ್ನೂ ಅದು ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ, ಅರ್ಕಾವತ್ತು ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಹಾರುತ್ತದೆ (‘ಖರ್ಚು’, ‘ವರ್ಷ’ ಇಂಥವನ್ನು ನೋಡಿಕೊಳ್ಳಿ). ಸ್ಕ್ಯಾನ್ ಮಾಡಿದ ಕರಪತ್ರಕ್ಕೆ ಈ ಉಪಾಯ ನಡೆಯದು. ಅದನ್ನು ಕೂತು ಟೈಪ್ ಮಾಡುವುದೇ ವಾಸಿ.