ಮೊದಲ ಸಲ ಅಸಲೂ ಹುಟ್ಟಲಿಲ್ಲ

ಹಾಸನದಲ್ಲಿದ್ದುಕೊಂಡು ಚಿತ್ರ ಬರೆಯುವ ನಾನು ಬೆಂಗಳೂರಿನ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನವೊಂದರಲ್ಲಿ ಮೊದಲ ಸಲ ಮಾರಾಟದ ಮೇಜು ಹಾಕಿದಾಗ ಬಾಡಿಗೆ, ಮುದ್ರಣ, ಬಸ್ಸು, ವಸತಿ ಎಲ್ಲ ಸೇರಿ 14,000 ರೂಪಾಯಿ ಖರ್ಚಾಗಿತ್ತು. ಎರಡು ದಿನಗಳ ವ್ಯಾಪಾರದಿಂದ ಬಂದದ್ದು 9,200. ವಾರಗಟ್ಟಲೆ ಕುಳಿತು ಬರೆದ ದೊಡ್ಡ ಚಿತ್ರಗಳನ್ನೇ ನಂಬಿ ಎ3 ಅಳತೆಯಲ್ಲಿ 40 ಪ್ರತಿ ಮುದ್ರಿಸಿದ್ದೆ, ಹೋದದ್ದು ಆರು. ಜನ ನಿಂತು ನೋಡಿದರು, ಫೋಟೊ ತೆಗೆದುಕೊಂಡರು, ಮನಸಾರೆ ಹೊಗಳಿದರು; ಆದರೆ ಸಂಜೆಯವರೆಗೆ ಆ ನೂಕುನುಗ್ಗಲಿನಲ್ಲಿ ಸುತ್ತಬೇಕಾದವರಿಗೆ ಅಷ್ಟಗಲದ ಹಾಳೆಯನ್ನು ಮಡಿಕೆ ಬೀಳದಂತೆ ಕಾಪಾಡಿಕೊಳ್ಳುವುದು ಬೇಡವಾಗಿತ್ತು. ಬರಿಯ ಜಾಗ ತುಂಬಲೆಂದು ತಂದಿದ್ದ 50 ರೂಪಾಯಿಯ ಸ್ಟಿಕ್ಕರುಗಳು ಮಾತ್ರ ಮೊದಲ ದಿನ ಮಧ್ಯಾಹ್ನದೊಳಗೆ ಮುಗಿದಿದ್ದವು.

ಎರಡನೆಯ ಸಲ ದೊಡ್ಡ ಚಿತ್ರಗಳನ್ನು ಜನರನ್ನು ಸೆಳೆಯುವ ಸಲುವಾಗಿ ಹಿಂದೆ ತೂಗುಹಾಕಿ, ಮೇಜಿನ ಮೇಲೆ ಎ5 ಅಳತೆಯ ಚಿಕ್ಕ ಹಾಳೆಗಳನ್ನು ರಟ್ಟಿನ ಬೆಂಬಲದೊಂದಿಗೆ ಜೋಡಿಸಿದೆ. ಬೆಲೆ ಕೇಳಲು ಸಂಕೋಚಪಡುವವರು ಸುಮ್ಮನೆ ಮುಂದೆ ಹೋಗಿಬಿಡುತ್ತಾರೆಂದು ತಿಳಿದಿದ್ದರಿಂದ ಬೆಲೆಯನ್ನು ದಪ್ಪಕ್ಷರದಲ್ಲಿ ಬರೆದಿಟ್ಟೆ. ಗದ್ದಲ ಹೆಚ್ಚಿದಾಗ ನೆಟ್‌ವರ್ಕ್ ಕೈಕೊಟ್ಟು ಯುಪಿಐ ನಿಂತುಹೋಗುವುದರಿಂದ ಚಿಲ್ಲರೆಯನ್ನೂ ಒಯ್ದಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಅಭಿಮಾನಿ ಚಿತ್ರಗಳ, ಅಂದರೆ ಬೇರೆಯವರು ಸೃಷ್ಟಿಸಿದ ಪಾತ್ರಗಳನ್ನು ಅಭಿಮಾನಿಗಳು ಬರೆಯುವ ಚಿತ್ರಗಳ ಪ್ರಶ್ನೆ. ಜನಪ್ರಿಯ ಪಾತ್ರಗಳನ್ನು ಬರೆದರೆ ಮಾರಾಟ ಸುಲಭ, ಆದರೆ ಆ ಪಾತ್ರಗಳು ಬೇರೆಯವರ ಸ್ವತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಮೂಲ ಕೃತಿಯ ರೂಪಾಂತರದ ಹಕ್ಕೂ ಅದರ ಒಡೆಯನದೇ. ಪಕ್ಕದ ಮೇಜಿನವರೂ ಮಾರುತ್ತಿದ್ದಾರೆ ಎಂಬ ಸಮಾಧಾನ ನನಗೆ ಸಾಲಲಿಲ್ಲ. ಆಗ ನೆನಪಾದದ್ದು ಮನೆಯಿಂದ ಒಂದು ಗಂಟೆಯ ದಾರಿಯ ಬೇಲೂರು; ಅಲ್ಲಿನ ಹಳೆಯ ಶಿಲ್ಪಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಇತರರು ತೆಗೆದ ಫೋಟೊಗಳಿಗೂ ಹಕ್ಕು ಇರುತ್ತದಾದ್ದರಿಂದ, ನಾಲ್ಕು ಭಾನುವಾರ ಚೆನ್ನಕೇಶವ ದೇವಾಲಯದ ಅಂಗಳದಲ್ಲಿಯೇ ಕುಳಿತು ದರ್ಪಣಸುಂದರಿ, ಬೇಟೆಗಾರ್ತಿ ಎಂಬ ಶಿಲ್ಪಗಳನ್ನು ಗೀಚಿಕೊಂಡು ಬಂದು, ಕಾಮಿಕ್ಸ್ ನಾಯಕಿಯರಂತೆ ಮತ್ತೆ ಬರೆದೆ. ಮೂರನೆಯ ಸಲ ಒಬ್ಬ ಹುಡುಗ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ನೋಡಿ, ಜಪಾನಿನ ಕಾರ್ಟೂನ್ ಪಾತ್ರವೆಂದುಕೊಂಡು ‘ಇದು ಯಾವ ಅನಿಮೆ?’ ಎಂದು ಕೇಳಿದ. ಬೇಲೂರಿನದು ಎಂದರೆ ನಂಬಲಿಲ್ಲ, ಆದರೂ ಎರಡು ಪ್ರತಿ ಕೊಂಡ.

ಆ ಸಲ 15,500 ಖರ್ಚಾಗಿ 18,100 ಬಂತು. ಉಳಿದ 2,600 ರೂಪಾಯಿಯಲ್ಲಿ ಬೇಲೂರಿನ ನಾಲ್ಕು ಭಾನುವಾರಗಳ ಕೂಲಿಯನ್ನು ನಾನು ಹಿಡಿದಿಲ್ಲ.