ರಾತ್ರಿ ಎತ್ತಿಟ್ಟ ಎಂಜಿನ್ ಬೆಳಿಗ್ಗೆ ನೀರಲ್ಲಿ!

ಮಲ್ಪೆಯಲ್ಲಿ ನಮ್ಮದೊಂದು ಫೈಬರ್ ದೋಣಿ ಇದೆ. ಅದರ ಹಿಂಬದಿಗೆ ಹೊರಗೆ ಕೂರಿಸಿದ ಔಟ್‌ಬೋರ್ಡ್ ಎಂಜಿನ್ ಸಂಜೆ ಟಿಲ್ಟ್ ಮಾಡಿ, ಅಂದರೆ ಓರೆಯಾಗಿ ಮೇಲಕ್ಕೆ ಎತ್ತಿಟ್ಟರೆ, ಬೆಳಿಗ್ಗೆ ಪ್ರೊಪೆಲ್ಲರ್ ಉಪ್ಪುನೀರಲ್ಲಿ ಮುಳುಗಿರುತ್ತಿತ್ತು.

ಸ್ವಿಚ್ ಒತ್ತಿದರೆ ಪಂಪ್‌ಗೆ ಕರೆಂಟ್ ಕೊಡುವ ರಿಲೇ ಟಕ್ ಅನ್ನುತ್ತಿತ್ತು, ಪಂಪ್ ತಿರುಗಿ ಎಣ್ಣೆಯ ಒತ್ತಡದಿಂದ ಎಂಜಿನ್ ಏಳುತ್ತಿತ್ತು. ಅಂದರೆ ಬ್ಯಾಟರಿ, ವೈರಿಂಗ್ ಸರಿ ಇವೆ. ಹೊರಗೆ ಒಂದು ಹನಿ ಎಣ್ಣೆಯೂ ಇಲ್ಲ. ಒತ್ತಡ ಒಳಗೇ ಎಲ್ಲೋ ಸೋರುತ್ತಿದೆ. ಪಂಪ್ ಪೂರ್ತಿ ಬದಲಿಸಿ ಅಂದರು ಒಬ್ಬರು. ನನಗೆ ಮನಸ್ಸಾಗಲಿಲ್ಲ.

ಎಣ್ಣೆಯ ಒತ್ತಡ ಬಿಟ್ಟು ಕೈಯಿಂದ ಎತ್ತಿಳಿಸಲು, ಎಂಜಿನ್ ಹಿಡಿದಿಡುವ ಬ್ರಾಕೆಟ್ ಪಕ್ಕ ಒಂದು ಸ್ಕ್ರೂ ಇರುತ್ತದೆ, ಮ್ಯಾನುಯಲ್ ವಾಲ್ವ್. ಅದನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಿದೆ. ಆದರೂ ಇಳಿಯಿತು. ಸರಿ, ಬಿಚ್ಚಿಯೇ ನೋಡೋಣ ಅಂತ ಎಂಜಿನ್ ಪೂರ್ತಿ ಎತ್ತಿ, ಟಿಲ್ಟ್ ಲಾಕ್ ಹಾಕಿ, ಕೆಳಗೆ ಮರದ ದಿಮ್ಮಿಯನ್ನೂ ಕೊಟ್ಟೆ. ಇದನ್ನು ಮಾತ್ರ ಬಿಡಲೇಬೇಡಿ, ಅಷ್ಟು ಭಾರ ಕೈ ಮೇಲೆ ಬಿದ್ದರೆ ಮುಗಿಯಿತು. ವಾಲ್ವ್ ಹೊರಗೆ ಬಂದಾಗ ಕಾರಣ ಸಿಕ್ಕಿತು. ಎಣ್ಣೆ ಸೋರದಂತೆ ತಡೆಯುವ ಅದರ ರಬ್ಬರ್ ಬಳೆ, ಅಂದರೆ ಒ-ರಿಂಗ್, ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ಎಣ್ಣೆಯೂ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು, ನೀರು ಸೇರಿದ ಗುರುತು.

ಹೊಸ ಒ-ರಿಂಗ್ ಹಾಕಿ, ಎಣ್ಣೆ ಪೂರ್ತಿ ಬದಲಿಸಿದೆ. ಗಾಳಿ ಹೋಗಲಿ ಅಂತ 5-6 ಸಲ ಏರಿಸಿ ಇಳಿಸಿದೆ. ಪ್ರತಿ ಸಲ ಎಂಜಿನ್ ಮೇಲಿದ್ದಾಗಲೇ ಎಣ್ಣೆ ಮಟ್ಟ ನೋಡಿ ತುಂಬಿಸಿದೆ. ಬ್ರಾಕೆಟ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎಂಜಿನ್ ಗೆರೆ ಬಿಟ್ಟು ಕದಲಿರಲಿಲ್ಲ.